ಕೆಲ್ವಿನ್ ಪಟ್ಟಿಯಲ್ಲಿ ಇಲ್ಲದಿದ್ದದ್ದು

1862ರಲ್ಲಿ ವಿಲಿಯಂ ಥಾಮ್ಸನ್ ಸೂರ್ಯನ ವಯಸ್ಸಿಗೆ ಲೆಕ್ಕ ಹಾಕಿದರು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು ಇವರೇ. ಗುರುತ್ವವೇ ಸೂರ್ಯನ ಶಾಖದ ಮೂಲ ಎಂದಿಟ್ಟುಕೊಂಡ ಅವರು, ಭೂಮಿಯ ಮೇಲೆ ಬಹುಶಃ ಹತ್ತು ಕೋಟಿ ವರ್ಷಕ್ಕಿಂತ ಹೆಚ್ಚು ಕಾಲ ಬಿಸಿಲು ಬಿದ್ದಿರಲಾರದು ಎಂದರು. ಜೀವವಿಕಾಸಕ್ಕೆ ಅದಕ್ಕಿಂತ ದೀರ್ಘ ಕಾಲ ಬೇಡುತ್ತಿದ್ದ ಡಾರ್ವಿನ್‌ಗೆ ಇದು ನುಂಗಲಾರದ ತುತ್ತಾಯಿತು.

ಆ ಲೆಕ್ಕದ ತಿರುಳನ್ನು ಇಂದು ಪಿಯುಸಿ ವಿದ್ಯಾರ್ಥಿಯೂ ಆಯಾಮ ವಿಶ್ಲೇಷಣೆಯಿಂದ ಹಿಡಿಯಬಹುದು. ಸೂರ್ಯನ ದ್ರವ್ಯರಾಶಿ, ತ್ರಿಜ್ಯ, ಸೆಕೆಂಡಿಗೆ ಹೊಮ್ಮಿಸುವ ಶಕ್ತಿ, ಜೊತೆಗೆ ಗುರುತ್ವ ಸ್ಥಿರಾಂಕ. ಕಿಲೋಗ್ರಾಂ, ಮೀಟರ್ ಎಲ್ಲ ಹೊಡೆದುಹೋಗಿ ಸೆಕೆಂಡು ಮಾತ್ರ ಉಳಿಯುವಂತೆ ಈ ನಾಲ್ಕನ್ನು ಜೋಡಿಸಿದರಾಯಿತು. ಗುರುತ್ವ ಶಕ್ತಿಯನ್ನು ಹೊಮ್ಮುವ ಶಕ್ತಿಯಿಂದ ಭಾಗಿಸಿದರೆ ಸುಮಾರು ಮೂರು ಕೋಟಿ ವರ್ಷ ಬರುತ್ತದೆ.

ಆದರೆ ಅದೇ ಪಟ್ಟಿಯಿಂದ ಇನ್ನೊಂದು ಕಾಲವೂ ಹೊರಡುತ್ತದೆ! ಹೊಮ್ಮುವ ಶಕ್ತಿಯನ್ನು ಕೈಬಿಟ್ಟು, ತ್ರಿಜ್ಯದ ಘನವನ್ನು ದ್ರವ್ಯರಾಶಿ ಮತ್ತು ಗುರುತ್ವ ಸ್ಥಿರಾಂಕಗಳ ಗುಣಲಬ್ಧದಿಂದ ಭಾಗಿಸಿ ವರ್ಗಮೂಲ ತೆಗೆದರೆ ಸಿಗುವುದು 27 ನಿಮಿಷ. ಒಳಗಿನ ಒತ್ತಡ ಇದ್ದಕ್ಕಿದ್ದಂತೆ ಮಾಯವಾದರೆ ಸೂರ್ಯ ಕುಸಿಯಲು ಬೇಕಾದ ಸಮಯವಿದು. ಕಲನಶಾಸ್ತ್ರ ಬಳಸಿ ನಿಖರವಾಗಿ ಲೆಕ್ಕ ಹಾಕಿದರೂ ಬರುವುದು 30 ನಿಮಿಷ, ಅಷ್ಟೇ. ಮೂರು ಕೋಟಿ ವರ್ಷವೋ ಅರ್ಧ ಗಂಟೆಯೋ ಎಂಬುದನ್ನು ಏಕಮಾನಗಳು ಹೇಳುವುದಿಲ್ಲ. ಅಲ್ಲಿ ಏನು ನಡೆಯುತ್ತಿದೆ ಎಂದು ತಿಳಿದವರೇ ಹೇಳಬೇಕು. ಈ ವಿಧಾನದಿಂದ ನಾನು ಕಲಿತ ದೊಡ್ಡ ಪಾಠವೇ ಇದು. ಅಂಕಿಗಳಿಗೆ ಕೈಹಾಕುವ ಮುನ್ನ ಪಟ್ಟಿಯಲ್ಲಿ ಏನಿದೆ, ಏನಿಲ್ಲ ಎಂದು ಕೇಳಿಕೊಳ್ಳುತ್ತೇನೆ.

ಕೆಲ್ವಿನ್ ಪಟ್ಟಿಯಲ್ಲಿ ಬೆಳಕಿನ ವೇಗ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ, ದ್ರವ್ಯರಾಶಿಯನ್ನು ಬೆಳಕಿನ ವೇಗದ ವರ್ಗದಿಂದ ಗುಣಿಸಿದರೆ ಅದರಲ್ಲಡಗಿದ ಶಕ್ತಿ ಸಿಗುತ್ತದೆ ಎಂದು ತೋರಿಸಬೇಕಿದ್ದ ಐನ್‌ಸ್ಟೈನ್ ಇನ್ನೂ ಹುಟ್ಟಿಯೇ ಇರಲಿಲ್ಲ. ಹೈಡ್ರೋಜನ್ ಬೆಸೆದು ಹೀಲಿಯಂ ಆಗುವಾಗ ಶೇ. 0.7ರಷ್ಟು ದ್ರವ್ಯರಾಶಿ ಶಕ್ತಿಯಾಗುತ್ತದೆ. ಸೂರ್ಯನ ಹತ್ತನೇ ಒಂದು ಭಾಗ ಹೀಗೆ ಉರಿದರೂ ಸಾವಿರ ಕೋಟಿ ವರ್ಷಕ್ಕೆ ಸಾಕು. ಭೂಮಿಯ 454 ಕೋಟಿ ವರ್ಷ ಅದರಲ್ಲಿ ನಿರಾಳವಾಗಿ ಹಿಡಿಸುತ್ತದೆ.

ಸರಿಯಾದ ಪಟ್ಟಿ ಸಿಕ್ಕರೆ ಇದೇ ಸರಳ ಲೆಕ್ಕ ಎಂಥ ತೀರ್ಪು ಕೊಡಬಲ್ಲದು ಎಂಬುದಕ್ಕೆ ಕ್ರ್ಯಾಬ್ ಪಲ್ಸಾರ್ ಸಾಕ್ಷಿ. 1968ರಲ್ಲಿ ಪತ್ತೆಯಾದ ಈ ಆಕಾಶಕಾಯ 33 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸುತ್ತಿಗೊಮ್ಮೆ, ಮಿಡಿಯುತ್ತದೆ. ಅದು ಎಂಥ ನಕ್ಷತ್ರ ಎಂಬುದೇ ಪ್ರಶ್ನೆ. ಸೂರ್ಯನಷ್ಟು ತೂಗುವ, ಭೂಮಿಯಷ್ಟು ಗಾತ್ರದ ಶ್ವೇತಕುಬ್ಜಕ್ಕೆ ವರ್ಗಮೂಲದ ಸೂತ್ರ ಹಚ್ಚಿದರೆ ಒಂದೂವರೆ ಸೆಕೆಂಡಿನ ಹತ್ತಿರ ಬರುತ್ತದೆ. 33 ಮಿಲಿಸೆಕೆಂಡಿಗೊಂದು ಸುತ್ತು ಹಾಕಿದರೆ ಅದು ಛಿದ್ರವಾದೀತು. ಉಳಿದದ್ದು ಹತ್ತು ಕಿಲೋಮೀಟರ್ ತ್ರಿಜ್ಯದ ನ್ಯೂಟ್ರಾನ್ ನಕ್ಷತ್ರ ಮಾತ್ರ.

ಚಳಿಗಾಲದ ರಾತ್ರಿ ಕೆಂಪಗೆ ಹೊಳೆಯುವ ಆರಿದ್ರಾ ನಕ್ಷತ್ರಕ್ಕೆ ನೀವೇ ಈ ಸೂತ್ರ ಹಚ್ಚಿ ನೋಡಿ. ತ್ರಿಜ್ಯ ಸೂರ್ಯನ ಸುಮಾರು 750 ಪಟ್ಟು, ದ್ರವ್ಯರಾಶಿ 16 ಪಟ್ಟು ಎಂದಿಟ್ಟುಕೊಳ್ಳಿ. ಬಂದ ಉತ್ತರವನ್ನು, ಅದರ ಬೆಳಕು ಏರಿಳಿಯುವ ಸುಮಾರು 400 ದಿನಗಳ ಅವಧಿಯೊಂದಿಗೆ ಹೋಲಿಸಿ.