ಆ್ಯಂಟಿಬಯಾಟಿಕ್ ನಂತರ ನಿಲ್ಲದ ಭೇದಿ

ಪ್ರಶ್ನೆ: ನಮ್ಮ ತಾಯಿಗೆ 68 ವರ್ಷ. ಕಾಲಿನ ಗಾಯಕ್ಕೆ ಹತ್ತು ದಿನ ಆ್ಯಂಟಿಬಯಾಟಿಕ್ ಕೊಟ್ಟಿದ್ದರು. ಗಾಯವೇನೋ ಒಣಗಿತು, ಆದರೆ ಆಮೇಲೆ ಶುರುವಾದ ಭೇದಿ ನಿಂತಿಲ್ಲ. ದಿನಕ್ಕೆ ಎಂಟು–ಹತ್ತು ಸಲ ನೀರಿನಂತೆ ಹೋಗುತ್ತದೆ, ಕೆಳಹೊಟ್ಟೆ ಹಿಂಡುತ್ತದೆ, ಮೈ ಬೆಚ್ಚಗಿರುತ್ತದೆ. ಕೊಲೊನೋಸ್ಕೊಪಿಯಲ್ಲಿ ದೊಡ್ಡಕರುಳಿನ ತುಂಬ ಹಳದಿ ಮಚ್ಚೆಗಳು ಕಂಡಿವೆಯಂತೆ. ಬಯಾಪ್ಸಿಗೂ ಕಳಿಸಿದ್ದಾರೆ. ಕ್ಯಾನ್ಸರ್ ಇರಬಹುದೇ ಡಾಕ್ಟ್ರೇ?
– ಓದುಗರು, ದಾವಣಗೆರೆ

ಉತ್ತರ: ಬಯಾಪ್ಸಿ ವರದಿ ಬರಲಿ. ಆದರೆ ನೀವು ಬರೆದಿರುವುದನ್ನು ಓದಿದರೆ ನನ್ನ ಅನುಮಾನ ಕ್ಯಾನ್ಸರಿನ ಮೇಲಲ್ಲ, ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಮೇಲೆ. ಗಾಯಕ್ಕೆಂದು ನುಂಗಿದ ಮಾತ್ರೆ ಕರುಳಲ್ಲಿ ನೆಲೆಸಿರುವ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಜಾಗ ಖಾಲಿಯಾದದ್ದೇ ತಡ, ಇದು ಬೆಳೆದು ವಿಷ ಕಾರುತ್ತದೆ. ಮಾತ್ರೆ ಮುಗಿದು ಕೆಲವು ವಾರಗಳಾದ ಮೇಲೂ ಭೇದಿ ಶುರುವಾಗಬಹುದು. ಹಾಗಾಗಿ ಎಷ್ಟೋ ಮನೆಗಳಲ್ಲಿ ಎರಡಕ್ಕೂ ಇರುವ ನಂಟು ಹೊಳೆಯುವುದೇ ಇಲ್ಲ.

ಆ ಮಚ್ಚೆಗಳ ವಿಚಾರ ಹೇಳುತ್ತೇನೆ. ಆರೋಗ್ಯವಾಗಿರುವ ದೊಡ್ಡಕರುಳಿನ ಒಳಗೋಡೆ ನಸುಗೆಂಪಾಗಿ ಹೊಳೆಯುತ್ತದೆ, ಸಣ್ಣ ರಕ್ತನಾಳಗಳ ಬಲೆ ಕಣ್ಣಿಗೆ ಬೀಳುತ್ತದೆ. ಈ ಸೋಂಕಿನಲ್ಲಿ ಗೋಡೆ ಕೆಂಪಾಗಿ ಊದಿ, ಆ ಬಲೆ ಮರೆಯಾಗುತ್ತದೆ. ಅದರ ಮೇಲೆ ಮೊಸರು ಸಿಡಿದು ಅಂಟಿದಂತೆ, ಕೆಲವೇ ಮಿಲಿಮೀಟರ್ ಅಗಲದ, ತುಸು ಉಬ್ಬಿದ ಹಳದಿ–ಬಿಳಿ ತೇಪೆಗಳಿರುತ್ತವೆ. ಸ್ಕೋಪಿನಿಂದ ನೀರು ಹಾಯಿಸಿದರೂ ಅವು ಸುಲಭಕ್ಕೆ ಬಿಡುವುದಿಲ್ಲ. ಲೋಳೆ, ಫೈಬ್ರಿನ್, ಸತ್ತ ಜೀವಕೋಶ, ಬಿಳಿರಕ್ತಕಣ ಸೇರಿ ಕಟ್ಟಿದ ಪದರ ಅದು, ಗಡ್ಡೆಯಲ್ಲ. ಶಿಗೆಲ್ಲಾದಂಥ ಸೋಂಕಿನ ಚಿತ್ರ ಬೇರೆ. ಅಲ್ಲಿ ಹುಣ್ಣು ಹೆಚ್ಚು, ಮಲದಲ್ಲಿ ರಕ್ತವೂ ಆಮವೂ ಬೀಳುತ್ತವೆ.

ಈ ತೇಪೆಗಳು ಎಲ್ಲ ರೋಗಿಗಳಲ್ಲೂ ಕಾಣುವುದಿಲ್ಲ. ಮಲಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾದ ವಿಷ ಪತ್ತೆಯಾದರೆ ರೋಗ ಖಚಿತ. ಅದನ್ನು ಮೊದಲೇ ಮಾಡಿಸಿದ್ದರೆ ಈ ವಯಸ್ಸಿನಲ್ಲಿ ಸ್ಕೋಪ್ ತಪ್ಪುತ್ತಿತ್ತೇನೋ. ಈಗಲಾದರೂ ಮಾಡಿಸಿ.

ಖಚಿತವಾದರೆ ವ್ಯಾಂಕೋಮೈಸಿನ್ ಅನ್ನು ಸಾಮಾನ್ಯವಾಗಿ 10 ದಿನ ಬಾಯಿಯ ಮೂಲಕವೇ ಕೊಡುತ್ತಾರೆ. ನರಕ್ಕೆ ಕೊಟ್ಟ ಇಂಜೆಕ್ಷನ್ ಕರುಳಿನೊಳಗೆ ಸಾಕಷ್ಟು ತಲುಪುವುದಿಲ್ಲ. ಗುಣವಾದ ಮೇಲೆ ಮರುಕಳಿಸುವುದೂ ಉಂಟು, ಆಗ ಮತ್ತೆ ತೋರಿಸಬೇಕು. ಓಆರ್‌ಎಸ್, ಗಂಜಿ ಕೊಡುತ್ತಿರಿ. ಮೆಡಿಕಲ್ ಶಾಪಿನಿಂದ ಭೇದಿ ನಿಲ್ಲಿಸುವ ಮಾತ್ರೆ ತಂದು ಕೊಡಬೇಡಿ, ಇನ್ನೊಂದು ಆ್ಯಂಟಿಬಯಾಟಿಕ್ ಅಂತೂ ಬೇಡವೇ ಬೇಡ. ಅವರ ಆರೈಕೆ ಮಾಡುವವರು ಸೋಪು ಹಚ್ಚಿ ಕೈ ತೊಳೆಯಲಿ, ಏಕೆಂದರೆ ಈ ಬ್ಯಾಕ್ಟೀರಿಯಾದ ಬೀಜಕಣಗಳು ಸ್ಯಾನಿಟೈಸರಿಗೆ ಸಾಯುವುದಿಲ್ಲ.

ಹೊಟ್ಟೆ ಉಬ್ಬಿ ಬಿಗಿದು, ಭೇದಿ ಇದ್ದಕ್ಕಿದ್ದಂತೆ ನಿಂತುಹೋದರೆ ವಾಸಿಯಾಯಿತೆಂದು ಸಮಾಧಾನಪಡಬೇಡಿ. ಬೆಳಗಾಗುವವರೆಗೆ ಕಾಯದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.