ಎಂಜಿನ್ ಆಯಿಲ್ ಹಾಲಿನಂತಾದರೆ: ನೀರು ಎಲ್ಲಿಂದ ಬಂತು?

ಬೈಕಿನ ಆಯಿಲ್ ಮುಚ್ಚಳ ತೆಗೆದಾಗ ಒಳಗೆ ಹಾಲು ಹಾಕಿದ ಚಹಾದಂಥ ಬಣ್ಣ ಕಂಡರೆ ಆಯಿಲ್‌ಗೆ ನೀರು ಸೇರಿದೆ ಎಂದು ಅರ್ಥ. ನೀರು ಮತ್ತು ಎಣ್ಣೆ ತಾವಾಗಿ ಬೆರೆಯುವುದಿಲ್ಲ. ಆದರೆ ಎಂಜಿನ್ನಿನ ಗೇರುಗಳು ಎರಡನ್ನೂ ಕಡೆಯುತ್ತವೆ, ಆಯಿಲ್‌ನಲ್ಲಿರುವ ಡಿಟರ್ಜೆಂಟ್ ಅವನ್ನು ಹಿಡಿದಿಡುತ್ತದೆ. ಇದೇ ಎಮಲ್ಷನ್. ಸೂಕ್ಷ್ಮ ನೀರಿನ ಹನಿಗಳು ಬೆಳಕನ್ನು ಚದುರಿಸುವುದರಿಂದ ಅದು ಬೆಳ್ಳಗೆ ಕಾಣುತ್ತದೆ. ಹಾಲು ನೀರಿನಲ್ಲಿ ಕೊಬ್ಬಿನ ಎಮಲ್ಷನ್. ಇದು ಬೆಣ್ಣೆಯಂತೆ, ಎಣ್ಣೆಯಲ್ಲಿ ನೀರಿನ ಎಮಲ್ಷನ್.

ಇಂಥ ಆಯಿಲ್ ಲೋಹದ ಭಾಗಗಳ ನಡುವೆ ಗಟ್ಟಿ ಪದರವಾಗಿ ನಿಲ್ಲುವುದಿಲ್ಲ. ಬೇರಿಂಗ್ ಸವೆಯುತ್ತದೆ, ತುಕ್ಕು ಹಿಡಿಯುತ್ತದೆ. ಒಂದು ಲೀಟರ್ ಆಯಿಲ್‌ನ ಖರ್ಚಿನಲ್ಲಿ ಮುಗಿಯಬೇಕಾದದ್ದು ಎಂಜಿನ್ ಬಿಚ್ಚುವವರೆಗೆ ಹೋಗುತ್ತದೆ.

ಹಾಗಾದರೆ ನೀರು ಎಲ್ಲಿಂದ ಬಂತು? "ಹೆಡ್ ಗ್ಯಾಸ್ಕೆಟ್ ಹೋಗಿದೆ" ಎಂದು ಕೆಲವರು ತಕ್ಷಣ ಹೇಳುತ್ತಾರೆ. ರೇಡಿಯೇಟರ್ ಇರುವ ಗಾಡಿಗೆ ಆ ಮಾತು ಸರಿ. ಅಲ್ಲಿ ಕೂಲಂಟ್ ಮಟ್ಟ ಇಳಿದಿದೆಯೇ ನೋಡಬೇಕು. ಆದರೆ ಸ್ಪ್ಲೆಂಡರ್, ಶೈನ್‌ನಂಥ ಸಣ್ಣ ಬೈಕುಗಳು ಗಾಳಿಯಿಂದಲೇ ತಣ್ಣಗಾಗುತ್ತವೆ. ಅವುಗಳಲ್ಲಿ ಕೂಲಂಟ್ ಇಲ್ಲವೇ ಇಲ್ಲ. ಆದ್ದರಿಂದ ಎರಡೇ ದಾರಿ ಉಳಿಯುತ್ತವೆ.

ಮೊದಲನೆಯದು, ಪೆಟ್ರೋಲ್ ಉರಿದಾಗ ಹುಟ್ಟುವ ನೀರು.
2C₈H₁₈ + 25O₂ → 16CO₂ + 18H₂O
ಈ ಲೆಕ್ಕದಲ್ಲಿ 114 ಗ್ರಾಂ ಆಕ್ಟೇನ್‌ನಿಂದ 162 ಗ್ರಾಂ ನೀರು. ಅಂದರೆ ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು. ಬಹುಪಾಲು ಆವಿಯಾಗಿ ಸೈಲೆನ್ಸರ್‌ನಿಂದ ಹೋಗುತ್ತದೆ. ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಕೆಳಗಿಳಿಯುತ್ತದೆ. ದಿನವೂ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಗಾಡಿ ಸರಿಯಾಗಿ ಬಿಸಿಯಾಗದೆ ಆ ಆವಿ ಒಳಗೇ ನೀರಾಗುತ್ತದೆ.

ಎರಡನೆಯದು, ಹೊರಗಿನ ನೀರು. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿಯ ಪ್ರವಾಹ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಿಗೆ ನುಗ್ಗಿತ್ತು. ಹಾಗೆ ಮುಳುಗಿದ ಗಾಡಿಗೆ, ಅಥವಾ ಆಳಂದದ ಕಡೆ ಉಕ್ಕಿದ ಹಳ್ಳ ದಾಟಿದ ಗಾಡಿಗೆ, ಏರ್ ಫಿಲ್ಟರ್, ಸೈಲೆನ್ಸರ್ ಮತ್ತು ಬ್ರೀದರ್ ಪೈಪಿನಿಂದ ನೀರು ಹೊಗುತ್ತದೆ. ಆಯಿಲ್ ಮುಚ್ಚಳದ ರಬ್ಬರ್ ರಿಂಗ್ ಸವೆದಿದ್ದರೆ ಜೋರಾದ ಪೈಪಿನಲ್ಲಿ ತೊಳೆಯುವಾಗಲೂ ಹೋಗಬಹುದು.

ಪತ್ತೆ ಹಚ್ಚುವ ಕ್ರಮ:

1. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಡುಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಎಂಜಿನ್ ಚಾಲೂ ಮಾಡದೆ ಮುಚ್ಚಳ ತೆಗೆಯಿರಿ.
2. ಮುಚ್ಚಳದ ಒಳಭಾಗದಲ್ಲಿ ಮಾತ್ರ ತೆಳು ಬಿಳಿ ನೊರೆ ಇದ್ದು, ಕಡ್ಡಿಗೆ ಅಂಟಿದ ಆಯಿಲ್ ಶುದ್ಧವಾಗಿದ್ದರೆ ಅದು ಆವಿಯ ನೀರು. ನೊರೆ ಒರೆಸಿ, ಮನೆಯವರು ಗಾಡಿಯನ್ನು 15–20 ಕಿಲೋಮೀಟರ್ ಓಡಿಸಿದ ನಂತರ ಮತ್ತೆ ನೋಡಿ.
3. ಕಡ್ಡಿಯ ಆಯಿಲ್ ಕೂಡ ಬೆಳ್ಳಗಿದ್ದರೆ, ಅಥವಾ ಆಯಿಲ್ ಮಟ್ಟ ಮೊದಲಿಗಿಂತ ಏರಿದ್ದರೆ, ಹೊರಗಿನ ನೀರು ಹೊಕ್ಕಿರಬಹುದು.
4. ಆಗ ಕೆಳಗಿನ ಡ್ರೇನ್ ಬೋಲ್ಟ್ ಸಡಿಲಿಸಿ. ನೀರು ಆಯಿಲ್‌ಗಿಂತ ಭಾರ. ಬೆರೆಯದೆ ಉಳಿದ ನೀರಿದ್ದರೆ ಅದೇ ಮೊದಲು ಬರುತ್ತದೆ.

ಮುಳುಗಿದ ಗಾಡಿಗೆ ಕಿಕ್ ಹೊಡೆಯಬೇಡಿ, ಸೆಲ್ಫ್ ಒತ್ತಬೇಡಿ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಹಾಗೆ ಕುಗ್ಗಿಸಲಾಗದು. ಸಿಲಿಂಡರಿನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗಬಹುದು. ಮೆಕ್ಯಾನಿಕ್ ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ನೀರು ಹೊರಹಾಕಲಿ, ಏರ್ ಫಿಲ್ಟರ್ ನೋಡಲಿ. ಹೊಸ ಆಯಿಲ್ ಹಾಕಿ ಕೆಲವು ನಿಮಿಷ ಓಡಿಸಿ ಅದನ್ನೂ ಇಳಿಸಬೇಕು. ಬಣ್ಣ ತಿಳಿಯಾಗುವವರೆಗೆ ಹೀಗೆ ಮಾಡಿ, ಕೊನೆಗೆ ಕಂಪನಿ ಹೇಳಿದ ದರ್ಜೆಯ ಆಯಿಲ್ ತುಂಬಿಸಬೇಕು. ಈ ಬೈಕುಗಳಲ್ಲಿ ಕ್ಲಚ್ ಕೂಡ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ. ಕಾರಿನ ಆಯಿಲ್ ಹಾಕಿದರೆ ಅದು ಜಾರಬಹುದು.

ಇಳಿಸಿದ ಆಯಿಲನ್ನು ಚರಂಡಿಗೋ ಹೊಲಕ್ಕೋ ಚೆಲ್ಲದೆ ಡಬ್ಬಿಯಲ್ಲಿ ಹಿಡಿದು, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಮನೆಯ ಗಾಡಿ ನಮ್ಮ ಕೈಯಲ್ಲಿರುವ ಅಮಾನತ್ತು. ಊರಿನ ನೀರು, ಮಣ್ಣು ಕೂಡ ಹಾಗೆಯೇ.