ಬೆಳಕು ಬೇಕು, ಬೇಗೆ ಬೇಡ: ಕಿಟಕಿಯ ಫಿಲ್ಮನ್ನು ಆರಿಸುವ ಬಗೆ

ಬಳ್ಳಾರಿಯಂತಹ ಊರಿನಲ್ಲಿ ಪಡುವಣ ದಿಕ್ಕಿಗೆ ಕಿಟಕಿಯುಳ್ಳ ಕೋಣೆಯು ಏಪ್ರಿಲ್, ಮೇ ತಿಂಗಳುಗಳ ಸಂಜೆ ಓದಲು ಕುಳಿತುಕೊಳ್ಳಲಾರದಷ್ಟು ಕಾಯುವುದು ಎಲ್ಲರೂ ಬಲ್ಲ ಸಂಗತಿ. ಪರದೆಯನ್ನು ಎಳೆದರೆ ಕತ್ತಲೆ, ಎಳೆಯದಿದ್ದರೆ ಬೇಗೆ. ಈ ಇಕ್ಕಟ್ಟಿಗೆ ಪರಿಹಾರವೆಂದು ಗಾಜಿಗೆ ಅಂಟಿಸುವ ತೆಳುವಾದ ಫಿಲ್ಮುಗಳು ಈಗ ಪೇಟೆಯಲ್ಲಿ ದೊರೆಯುತ್ತವೆ. ಅವುಗಳಲ್ಲಿ ಕೆಲವಕ್ಕೆ ‘ಸ್ಮಾರ್ಟ್ ಫಿಲ್ಮ್’ ಎಂಬ ಹೆಸರೂ, ಅದಕ್ಕೆ ತಕ್ಕ ಬೆಲೆಯೂ ಉಂಟು. ಹಣವನ್ನು ವೆಚ್ಚ ಮಾಡುವ ಮುನ್ನ, ಕಿಟಕಿಯ ಮೂಲಕ ಒಳಬರುವುದೇನು, ಅದರಲ್ಲಿ ಎಷ್ಟನ್ನು ತಡೆಯುವುದು ಸಾಧ್ಯ ಎಂಬುದನ್ನು ಭೌತಶಾಸ್ತ್ರದ ನೆರವಿನಿಂದ ವಿಚಾರ ಮಾಡೋಣ.

ಬಿಸಿಲಿನಲ್ಲಿ ಏನೇನಿದೆ?

೧೮೦೦ರಲ್ಲಿ ಖಗೋಳವಿಜ್ಞಾನಿ ವಿಲಿಯಂ ಹರ್ಷೆಲನು ಬಿಸಿಲನ್ನು ಅಶ್ರಗದ ಮೂಲಕ ಹಾಯಿಸಿ, ರೋಹಿತದ ಬೇರೆ ಬೇರೆ ಬಣ್ಣಗಳಲ್ಲಿ ಉಷ್ಣಮಾಪಕವನ್ನು ಇರಿಸಿ ನೋಡಿದನು. ಕೆಂಪಿನ ಆಚೆ, ಕಣ್ಣಿಗೆ ಏನೂ ಕಾಣದ ಎಡೆಯಲ್ಲಿಯೂ ಉಷ್ಣಮಾಪಕವು ಮೇಲಕ್ಕೇರಿತು. ಅವಗೆಂಪು ಕಿರಣಗಳ ಪರಿಚಯವು ನಮಗಾದುದು ಹೀಗೆ.

ನೆಲವನ್ನು ಮುಟ್ಟುವ ಬಿಸಿಲಿನ ಶಕ್ತಿಯನ್ನು ನೂರು ಪಾಲು ಮಾಡಿದರೆ, ಸ್ಥೂಲವಾಗಿ ೪೫ ಪಾಲು ಕಣ್ಣಿಗೆ ಕಾಣುವ ಬೆಳಕು. ೫೦ ಪಾಲು ಅಥವಾ ತುಸು ಹೆಚ್ಚು ಅವಗೆಂಪು. ಉಳಿದ ಅಲ್ಪಾಂಶ ಅತಿನೇರಳೆ. ಅವಗೆಂಪು ಮಾತ್ರವೇ ಬಿಸಿ, ಬೆಳಕು ತಂಪು ಎಂಬ ಭಾವನೆ ಸರಿಯಲ್ಲ. ಗೋಡೆ, ನೆಲ, ಮೇಜುಗಳು ಹೀರಿಕೊಂಡ ಬೆಳಕೂ ಕೊನೆಗೆ ಶಾಖವಾಗಿಯೇ ಪರಿಣಮಿಸುತ್ತದೆ. ಹೀಗೆ ಬಿಸಿಯಾದ ವಸ್ತುಗಳು ಹೊರಸೂಸುವ ವಿಕಿರಣದ ತರಂಗಾಂತರವು ಸುಮಾರು ೧೦ ಮೈಕ್ರೊಮೀಟರ್. ಬಿಸಿಲನ್ನು ಸುಲಭವಾಗಿ ಒಳಬಿಟ್ಟ ಗಾಜು ಈ ದೀರ್ಘತರಂಗಗಳನ್ನು ನೇರವಾಗಿ ಹೊರಬಿಡುವುದಿಲ್ಲ. ಮುಚ್ಚಿದ ಕೋಣೆಯು ಕಾಯುವುದಕ್ಕೆ ಇದೂ ಒಂದು ಕಾರಣ.

ಒಂದು ಸಣ್ಣ ಲೆಕ್ಕ

ಬಳ್ಳಾರಿಯು ಸುಮಾರು ೧೫ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ತಿಂಗಳ ಆರಂಭದಲ್ಲಿ ಅಲ್ಲಿ ನಡುಹಗಲಿನ ಸೂರ್ಯನು ನೆತ್ತಿಯ ಮೇಲೆಯೇ ಇರುತ್ತಾನೆ. ಆದುದರಿಂದ ಆಗ ತೆಂಕಣ ಕಿಟಕಿಗೆ ನೇರ ಬಿಸಿಲು ಬೀಳುವುದಿಲ್ಲ. ಬೇಸಿಗೆಯ ಸಲುವಾಗಿ ಅದಕ್ಕೆ ಫಿಲ್ಮು ಅಂಟಿಸುವುದರಿಂದ ಹೆಚ್ಚಿನ ಲಾಭವಿಲ್ಲ. ಪಡುವಣ ಕಿಟಕಿಯ ಸ್ಥಿತಿಯೇ ಬೇರೆ. ಸಂಜೆ ನಾಲ್ಕು ಗಂಟೆ ದಾಟಿದ ಮೇಲೆ ಸೂರ್ಯನು ಕ್ಷಿತಿಜದಿಂದ ಸುಮಾರು ೩೨ ಡಿಗ್ರಿ ಎತ್ತರದಲ್ಲಿದ್ದಾಗ, ೬೦ ಸೆಂಟಿಮೀಟರ್ ಚಾಚಿದ ಸಜ್ಜೆಯ ನೆರಳು ಅದರ ಕೆಳಗೆ ೩೮ ಸೆಂಟಿಮೀಟರಿನಷ್ಟು ಮಾತ್ರ ಬೀಳುತ್ತದೆ. ಅದಕ್ಕೂ ಕೆಳಗಿನ ಗಾಜೆಲ್ಲ ಬಿಸಿಲಿಗೆ ತೆರೆದೇ ಇರುತ್ತದೆ.

ಸಜ್ಜೆಯಿಲ್ಲದ ಇಂತಹ ಕಿಟಕಿಯ ಗಾಜು ಒಂದೂವರೆ ಚದರ ಮೀಟರ್ ಇದೆಯೆಂದೂ, ಪ್ರತಿ ಚದರ ಮೀಟರಿನ ಮೇಲೆ ೬೦೦ ವಾಟ್ ಬಿಸಿಲು ಬೀಳುತ್ತಿದೆಯೆಂದೂ ಭಾವಿಸೋಣ. ಬೀಳುವುದು ಒಟ್ಟು ೯೦೦ ವಾಟ್. ಸಾಮಾನ್ಯ ತೆಳು ಗಾಜು ಇದರಲ್ಲಿ ಶೇಕಡ ೮೫ರಷ್ಟನ್ನು ಒಳಬಿಡುತ್ತದೆ. ಎಂದರೆ ೭೬೫ ವಾಟ್. ೭೫೦ ವಾಟಿನ ಇಸ್ತ್ರಿಪೆಟ್ಟಿಗೆಯೊಂದನ್ನು ಕೋಣೆಯಲ್ಲಿ ಎಡೆಬಿಡದೆ ಕಾಯಿಸುತ್ತಿದ್ದಂತೆ ಇದು. ಹೊರಗಿನ ಗಾಳಿ ಒಳಗಿನದಕ್ಕಿಂತ ೧೦ ಡಿಗ್ರಿ ಹೆಚ್ಚು ಬಿಸಿಯಾಗಿದ್ದರೂ, ಆ ಕಾರಣದಿಂದ ಇದೇ ಗಾಜನ್ನು ಹಾಯ್ದು ಬರುವ ಶಾಖವು ಸುಮಾರು ೯೦ ವಾಟ್ ಮಾತ್ರ. ಆದುದರಿಂದ ಪಡುವಣ ಕಿಟಕಿಯಲ್ಲಿ ನಾವು ಮೊದಲು ಎದುರಿಸಬೇಕಾದುದು ಬಿಸಿಲನ್ನೇ.

ಒಳಬರುವ ಒಟ್ಟು ಸೌರಶಾಖದ ಈ ಪ್ರಮಾಣವನ್ನು ಸೌರಶಾಖ ಗುಣಾಂಕವೆಂದು ಕರೆಯೋಣ. ವ್ಯಾಪಾರಿಗಳ ಪಟ್ಟಿಯಲ್ಲಿ ಇದು ‘ಎಸ್‌ಎಚ್‌ಜಿಸಿ’ ಎಂದು ಕಾಣಸಿಗುತ್ತದೆ. ಮೇಲಿನ ಗಾಜಿಗೆ ಇದರ ಬೆಲೆ ೦.೮೫. ಫಿಲ್ಮು ಇದನ್ನು ೦.೪೫ಕ್ಕೆ ಇಳಿಸಿದರೆ ಒಳಬರುವುದು ೪೦೫ ವಾಟ್; ೩೬೦ ವಾಟ್ ಹೊರಗೇ ಉಳಿಯಿತು.

ಫಿಲ್ಮುಗಳ ಕೆಲಸ

ಬಣ್ಣ ಬೆರೆಸಿದ ಕಪ್ಪು ಫಿಲ್ಮು ಬಿಸಿಲನ್ನು ಹೀರಿಕೊಳ್ಳುತ್ತದೆ. ಆಗ ಗಾಜೇ ಕಾಯುತ್ತದೆ. ಆ ಶಾಖದ ಒಂದು ಪಾಲು ಮತ್ತೆ ಕೋಣೆಗೇ ಬರುತ್ತದೆ. ಒಂದು ಭಾಗ ನೆರಳಿನಲ್ಲಿಯೂ ಇನ್ನೊಂದು ಭಾಗ ಬಿಸಿಲಿನಲ್ಲಿಯೂ ಇರುವ ಗಾಜು ಹೀಗೆ ಕಾದರೆ ಬಿರುಕು ಬಿಡುವ ಸಂಭವವೂ ಉಂಟು. ಕತ್ತಲೆಯಾದ ಕೋಣೆ ತಂಪಾಗಿಯೂ ಇರುತ್ತದೆಂದು ತಿಳಿಯಲಾಗದು. ತೆಳು ಲೋಹಲೇಪದ ಫಿಲ್ಮು ಬಿಸಿಲನ್ನು ಹೊರಕ್ಕೆ ಪ್ರತಿಫಲಿಸುತ್ತದೆ. ಇದು ಹೀರಿಕೊಳ್ಳುವುದಕ್ಕಿಂತ ಮೇಲು. ಮೂರನೆಯ ಬಗೆಯದು ಆಯ್ದು ತಡೆಯುವ ಫಿಲ್ಮು. ಅತಿಸೂಕ್ಷ್ಮ ಆಕ್ಸೈಡ್ ಕಣಗಳಿಂದಲೋ, ಒಂದರ ಮೇಲೊಂದಿರಿಸಿದ ಅನೇಕ ತೆಳು ಪದರಗಳಿಂದಲೋ ಇದು ಬೆಳಕಿನ ಹೆಚ್ಚು ಭಾಗವನ್ನು ಬಿಟ್ಟು, ಅವಗೆಂಪಿನ ಹೆಚ್ಚು ಭಾಗವನ್ನು ತಡೆಯುತ್ತದೆ.

‘ಸ್ಮಾರ್ಟ್’ ಎಂಬ ಹೆಸರು

ಸಂದರ್ಭಕ್ಕೆ ತಕ್ಕಂತೆ ಗುಣವನ್ನು ಬದಲಿಸುವ ಫಿಲ್ಮಿಗೆ ‘ಸ್ಮಾರ್ಟ್’ ಎಂಬ ಹೆಸರು ಸಲ್ಲುತ್ತದೆ. ಇವುಗಳಲ್ಲಿಯೂ ಭೇದಗಳಿವೆ.

ಗುಂಡಿಯನ್ನು ಒತ್ತಿದೊಡನೆ ಹಾಲುಬಿಳುಪಿನಿಂದ ಪಾರದರ್ಶಕವಾಗುವ ಫಿಲ್ಮಿನಲ್ಲಿ ದ್ರವಸ್ಫಟಿಕದ ಸಣ್ಣ ಹನಿಗಳಿರುತ್ತವೆ. ವಿದ್ಯುತ್ತು ಹರಿಯದಿದ್ದಾಗ ಅವು ಬೆಳಕನ್ನು ಚದರಿಸುತ್ತವೆ. ಚದರಿದ ಬೆಳಕಿನ ಹೆಚ್ಚು ಪಾಲು ಮುಂದಕ್ಕೇ, ಎಂದರೆ ಕೋಣೆಯೊಳಕ್ಕೇ ಸಾಗುತ್ತದೆ. ಇದು ಮರೆಗೆ ಒದಗುವ ಸಾಧನ. ಶಾಖವನ್ನು ತಡೆಯಲು ಇದನ್ನೇ ನಂಬುವಂತಿಲ್ಲ. ಕರೆಂಟು ಹೋದೊಡನೆ ಹೊರಗಿನ ನೋಟವೂ ಮುಚ್ಚಿಹೋಗುತ್ತದೆ.

ಎರಡನೆಯದು ಟಂಗ್‌ಸ್ಟನ್ ಆಕ್ಸೈಡಿನದು. ವಿದ್ಯುತ್ತಿನ ಮೂಲಕ ಎಲೆಕ್ಟ್ರಾನುಗಳನ್ನೂ ಅಯಾನುಗಳನ್ನೂ ತುಂಬಿದರೆ ಈ ಪದರವು ನೀಲಿಯಾಗುತ್ತದೆ, ಹಿಂದೆಗೆದರೆ ತಿಳಿಯಾಗುತ್ತದೆ. ೧೯೬೯ರಲ್ಲಿ ಎಸ್. ಕೆ. ದೇಬ್ ಅವರು ಇಂತಹ ಪದರದ ವರ್ಣಪಲ್ಲಟವನ್ನು ವಿವರಿಸಿದರು. ಬಣ್ಣ ಬದಲಿಸುವಾಗ ಮಾತ್ರ ಇದಕ್ಕೆ ಗಣನೀಯವಾದ ವಿದ್ಯುತ್ತು ಬೇಕು. ಇದು ಬಿಸಿಲನ್ನು ನಿಜವಾಗಿಯೂ ತಗ್ಗಿಸುತ್ತದೆ. ಆದರೆ ವೆಚ್ಚ ಹೆಚ್ಚು.

ಮೂರನೆಯದು ವೆನೇಡಿಯಂ ಡೈಆಕ್ಸೈಡಿನದು. ಸುಮಾರು ೬೮ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಈ ವಸ್ತು ಅರೆವಾಹಕದಂತೆಯೂ, ಮೇಲೆ ಲೋಹದಂತೆಯೂ ವರ್ತಿಸುವುದನ್ನು ೧೯೫೯ರಲ್ಲಿ ಎಫ್. ಜೆ. ಮೋರಿನ್ ಅವರು ಪ್ರಕಟಿಸಿದರು. ಲೋಹಸ್ಥಿತಿಯಲ್ಲಿ ಅದು ಅವಗೆಂಪನ್ನು ಹೆಚ್ಚಾಗಿ ತಡೆಯುತ್ತದೆ. ತುಸು ಟಂಗ್‌ಸ್ಟನ್ ಬೆರೆಸಿ ಈ ಉಷ್ಣತೆಯನ್ನು ಕೋಣೆಯ ಉಷ್ಣತೆಯ ಹತ್ತಿರಕ್ಕೆ ಇಳಿಸಬಹುದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬದಲಾಗುವ ಗುಣದಿಂದ ನಮಗೇನು ಪ್ರಯೋಜನ? ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡಬೇಕಾದ ಶೀತದೇಶಗಳಲ್ಲಿ ಒಂದೇ ಕಿಟಕಿಯು ಬೇಸಿಗೆಯಲ್ಲಿ ಬಿಸಿಲನ್ನು ತಡೆದು, ಚಳಿಗಾಲದಲ್ಲಿ ಒಳಬಿಡಬೇಕು. ಬಳ್ಳಾರಿಯ ಪಡುವಣ ಕಿಟಕಿಗೆ ವರ್ಷದ ಯಾವ ತಿಂಗಳಿನಲ್ಲಿಯೂ ಸಂಜೆಬಿಸಿಲಿನ ಶಾಖ ಬೇಕಾಗಿಲ್ಲ. ಅಲ್ಲಿ ಗುಣ ಬದಲಿಸದ, ಆಯ್ದು ತಡೆಯುವ ಫಿಲ್ಮೇ ಅಗ್ಗವೂ ಸಾಕಾದುದೂ ಆಗುತ್ತದೆ.

ಕೇಳಬೇಕಾದ ಅಂಕಿಗಳು

‘ಶೇಕಡ ೯೫ರಷ್ಟು ಅವಗೆಂಪನ್ನು ತಡೆಯುತ್ತದೆ’ ಎಂಬ ಮಾತನ್ನು ಶೇಕಡ ೯೫ರಷ್ಟು ಶಾಖವನ್ನು ತಡೆಯುತ್ತದೆಂದು ಅರ್ಥಮಾಡಬಾರದು. ಆ ಫಿಲ್ಮು ಬೆಳಕಿನಲ್ಲಿ ಶೇಕಡ ೭೦ರಷ್ಟನ್ನು ಬಿಡುವುದಾದರೆ, ಬಿಸಿಲಿನ ೪೫ ಪಾಲು ಬೆಳಕಿನಲ್ಲಿ ೩೧ಕ್ಕೂ ಹೆಚ್ಚು ಪಾಲು ಒಳಬಂದೇ ಬರುತ್ತದೆ. ಅವಗೆಂಪನ್ನು ಸಂಪೂರ್ಣವಾಗಿ ತಡೆದರೂ ಅದರ ಸೌರಶಾಖ ಗುಣಾಂಕವು ೦.೩೧ಕ್ಕಿಂತ ಕೆಳಗಿಳಿಯಲಾರದು. ಅಂಗಡಿಯಲ್ಲಿ ಶಾಖದೀಪದ ಮುಂದೆ ಫಿಲ್ಮನ್ನು ಹಿಡಿದು, ‘ಹಿಂದೆ ಕೈಯಿಟ್ಟು ನೋಡಿ’ ಎನ್ನುವುದುಂಟು. ಆ ದೀಪವು ಸೂಸುವ ಶಕ್ತಿಯ ಬಹುಭಾಗ ಅವಗೆಂಪೇ ಆದುದರಿಂದ, ಬಿಸಿಲಿನಲ್ಲಿ ಫಿಲ್ಮು ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆಂಬುದಕ್ಕೆ ಅದು ಸಾಕ್ಷಿಯಾಗದು.

ಆದುದರಿಂದ ಎರಡು ಅಂಕಿಗಳನ್ನು ಒಟ್ಟಿಗೆ ಕೇಳಬೇಕು: ಸೌರಶಾಖ ಗುಣಾಂಕ ಎಷ್ಟು, ಕಾಣುವ ಬೆಳಕಿನ ಪಾರಗಮನ, ಎಂದರೆ ‘ವಿಎಲ್‌ಟಿ’ ಎಷ್ಟು? ಮೊದಲನೆಯದು ಕಡಿಮೆಯಿದ್ದು, ಎರಡನೆಯದು ಓದಿಗೆ ಸಾಕಾಗುವಷ್ಟು ಇದ್ದರೆ ಆ ಫಿಲ್ಮು ಯೋಗ್ಯ.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಒಂದೇ ಅಳತೆಯ ಎರಡು ರಟ್ಟಿನ ಪೆಟ್ಟಿಗೆಗಳಿಗೆ ಒಳಗೆ ಕಪ್ಪು ಕಾಗದವನ್ನು ಅಂಟಿಸಿ, ಒಂದಕ್ಕೆ ಬರಿಯ ಗಾಜನ್ನೂ ಇನ್ನೊಂದಕ್ಕೆ ಫಿಲ್ಮಿನ ತುಂಡನ್ನು ಅಂಟಿಸಿದ ಅಂತಹುದೇ ಗಾಜನ್ನೂ ಮುಚ್ಚಿರಿ. ಎರಡರಲ್ಲಿಯೂ ಪ್ರಯೋಗಶಾಲೆಯ ಉಷ್ಣಮಾಪಕಗಳನ್ನಿಟ್ಟು, ಬಿಸಿಲಿಗೆ ಸಮನಾಗಿ ಒಡ್ಡಿ, ಐದೈದು ನಿಮಿಷಕ್ಕೊಮ್ಮೆ ಅರ್ಧ ಗಂಟೆಯವರೆಗೆ ಉಷ್ಣತೆಯನ್ನು ಬರೆದುಕೊಳ್ಳಿರಿ. ನಕ್ಷೆಯಲ್ಲಿ ಎರಡು ರೇಖೆಗಳ ನಡುವಣ ಅಂತರವೇ ಫಿಲ್ಮಿನ ಗುಣವನ್ನು ತೋರಿಸುತ್ತದೆ.

ಫಿಲ್ಮಿನ ಮಿತಿಗಳನ್ನೂ ಮರೆಯಬಾರದು. ತೆರೆದ ಕಿಟಕಿಯಲ್ಲಿ ಅದು ಕೆಲಸ ಮಾಡದು. ಕಾದ ತಾರಸಿಯಿಂದ ಇಳಿಯುವ ಶಾಖಕ್ಕೂ ಅದು ತಡೆಯಲ್ಲ. ಅದಕ್ಕೆ ತಾರಸಿಗೆ ಬಳಿದ ಸುಣ್ಣದ ಬಿಳುಪೇ ನೆರವಾಗಬೇಕು. ಕಿಟಕಿಯ ಹೊರಗೆ ಇಳಿಬಿಟ್ಟ ಬಿದಿರಿನ ತಟ್ಟಿಯು ಬಿಸಿಲನ್ನು ಗಾಜಿಗೆ ಮುಟ್ಟುವ ಮೊದಲೇ ತಡೆಯುತ್ತದೆ. ತಟ್ಟಿಗೆ ಅನುಕೂಲವಿರುವ ಮನೆಯಲ್ಲಿ ಮೊದಲು ಅದನ್ನು ಕಟ್ಟಿ ನೋಡುವುದು ಲೇಸು. ಅದಕ್ಕೆ ಅವಕಾಶವಿಲ್ಲದಿದ್ದರೆ, ಅಥವಾ ಹಗಲಿನ ಬೆಳಕು ಅಗತ್ಯವಾಗಿದ್ದರೆ, ಮೇಲಿನ ಎರಡು ಅಂಕಿಗಳನ್ನು ಬರೆದುಕೊಂಡು ಅಂಗಡಿಗೆ ಹೋಗಬಹುದು.